ಎರಡನೆಯ ಹಾಳೆ

ಅವರ ಮೇಲ್ದುಟಿಯ ನಡುಮಧ್ಯೆ ಒಂದು ಉಂಗುರದ ಗುರುತಿತ್ತು. ಇಪ್ಪತ್ತೈದು ವರ್ಷ ವಾದ್ಯದ ಹಿತ್ತಾಳೆಯ ಮೌತ್‌ಪೀಸನ್ನು ಒತ್ತಿ ಒತ್ತಿ ಬಿದ್ದ ಗುರುತು ಅದು. ಮೀಸೆ ಬಿಟ್ಟಿದ್ದರೆ ಮುಚ್ಚಿಹೋಗುತ್ತಿತ್ತು, ಆದರೆ ಅವರು ಬಿಡಲಿಲ್ಲ. ಮೀಸೆಯಿಲ್ಲದ ಹವಾಲ್ದಾರ್ ಎಂದು ಊರಲ್ಲಿ ನಗುತ್ತಿದ್ದರಂತೆ. "ನಗ್ಲಿ ಬುಡು, ಮೀಸೆ ಮ್ಯಾಲೆ ಊದುದ್ರೆ ಗಾಳಿ ಸೋರ್ತದೆ" ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮೂರು ತಿಂಗಳು ಕಳೆದ ಮೇಲೆ. ಅಗ್ರಹಾರದ ಸೈಕಲ್ ಅಂಗಡಿಯಲ್ಲಿ ಟೈರಿಗೆ ಗಾಳಿ ಹಾಕಿಸುತ್ತ ನಿಂತಿದ್ದೆ. ನಮ್ಮ ಹಳೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದವರೊಬ್ಬರು ಎದುರಾದರು. ಅದೂ ಇದೂ ಮಾತಾಡಿ, ಹೊರಡುವಾಗ ಈಗ ತಾನೇ ನೆನಪಾಯಿತು ಎನ್ನುವ ಹಾಗೆ ಹೇಳಿದರು: "ಹವಾಲ್ದಾರ್ರು ಓಗ್ಬುಟ್ರು ಕಣ್ರೀ. ನಿಮ್ಗೆ ಗೊತ್ತಿರ್ತದೆ ಅಂದ್ಕಂಡಿದ್ದೆ." ನನಗೆ ಗೊತ್ತಿರಬೇಕಾಗಿತ್ತು. ನಾನು ನಿವೃತ್ತನಾಗಿ ಬಂದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿ ಒಂದೂವರೆ ವರ್ಷವಾಗಿತ್ತು. ಅವರ ಊರು ಮಂಡಕಳ್ಳಿ, ನಂಜನಗೂಡಿನ ರಸ್ತೆ ಹಿಡಿದು ಸೈಕಲ್ ತುಳಿದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯನ್ನು ನಾನು ಒಂದೂವರೆ ವರ್ಷದಲ್ಲಿ ತುಳಿಯಲಿಲ್ಲ. ಯಾಕೆ ತುಳಿಯಲಿಲ್ಲ ಎನ್ನುವುದನ್ನು ಬರೆಯಲೆಂದೇ ಕೂತಿದ್ದೇನೆ. ಬರೆಯುವಾಗ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳದಿದ್ದರೆ ಸಾಕು.

ನಮ್ಮದು ಸಂಸ್ಥಾನದ ಸೈನ್ಯದ ಬ್ಯಾಂಡು. ದಸರೆಗೆ, ಹುಟ್ಟುಹಬ್ಬಕ್ಕೆ, ದೊರೆಗಳು ಬಂದಾಗ, ದೊರೆಗಳು ಹೋದಾಗ ನಾವು ಊದಬೇಕು. ಭಾನುವಾರ ಸಂಜೆ ಪಾರ್ಕಿನ ಮಂಟಪದಲ್ಲಿ ಊದಬೇಕು. ಕಡಲೆಕಾಯಿ ತಿನ್ನುತ್ತ ಜನ ಕೇಳುತ್ತಿದ್ದರು. ಹವಾಲ್ದಾರರೂ ನಾನೂ ಯೂಫೋನಿಯಂ ಊದುವವರು. ಮಗುವನ್ನು ಎತ್ತಿಕೊಂಡ ಹಾಗೆ ತೋಳಲ್ಲಿ ಹಿಡಿಯುವ ದೊಡ್ಡ ಹಿತ್ತಾಳೆ ವಾದ್ಯ ಅದು. ಮೂರು ಗುಂಡಿ, ಉಳಿದದ್ದೆಲ್ಲ ತುಟಿ ಮತ್ತು ಉಸಿರು. ಜನರಿಗೆ ಅದರ ಹೆಸರೂ ಗೊತ್ತಿಲ್ಲ. ಕಾರ್ನೆಟ್ಟಿನವನನ್ನು ನೋಡುತ್ತಾರೆ, ಡ್ರಮ್ಮಿನವನನ್ನು ನೋಡುತ್ತಾರೆ. ನಡುವೆ ಹೊಟ್ಟೆ ತುಂಬಿದ ಹಾಗೆ ಒಂದು ಸ್ವರ ಬರುತ್ತಿರುತ್ತದಲ್ಲ, ಅದು ನಮ್ಮದು ಎಂದು ಯಾರಿಗೂ ಹೊಳೆಯುವುದಿಲ್ಲ.

ಹವಾಲ್ದಾರರ ಸ್ವರ ಚೆನ್ನಾಗಿ ತಿರುವಿದ ರಾಗಿಮುದ್ದೆಯ ಹಾಗೆ, ಎಲ್ಲೂ ಗಂಟಿಲ್ಲ. ಆಮೇಲೆ ನಾನು ದೇಶದ ಎಷ್ಟೋ ಕಡೆ ಎಷ್ಟೋ ಜನರ ಪಕ್ಕದಲ್ಲಿ ಕೂತು ಊದಿದ್ದೇನೆ. ಅಂಥದ್ದನ್ನು ಮತ್ತೆ ಕೇಳಲಿಲ್ಲ.

ಅವರು ಬ್ಯಾಂಡಿಗೆ ಸೇರಿದ್ದೇ ಒಂದು ತಮಾಷೆ. ಪ್ರಾಯದಲ್ಲಿ ಕುದುರೆ ಲಾಯಕ್ಕೆ ಹುಲ್ಲಿನ ಗಾಡಿ ಹೊಡೆದುಕೊಂಡು ಬಂದಿದ್ದರಂತೆ. ಎತ್ತು ಮೊಂಡು ಬಿತ್ತು. ಇವರು ಕೂಗಿದ ಕೂಗಿಗೆ ಎತ್ತು ಕದಲಲಿಲ್ಲ, ಆಗಿನ ಬಿಳಿಯ ಬ್ಯಾಂಡ್ ಮಾಸ್ತರು ಪಕ್ಕದ ತಾಲೀಮಿನ ಕೊಠಡಿಯಿಂದ ಹೊರಗೆ ಬಂದರು. ಇವರ ಎದೆ ತಟ್ಟಿ, ತುಟಿಯನ್ನು ಬೆರಳಲ್ಲಿ ಹಿಡಿದು ನೋಡಿ, ಕೈಗೆ ಒಂದು ಮೌತ್‌ಪೀಸು ಕೊಟ್ಟು ಊದು ಎಂದರಂತೆ. "ಎತ್ತು ನೋಡಕ್ಕೆ ಬಂದವ್ರೆ ಅಂದ್ಕಂಡೆ ಕಣಪ್ಪ, ನೋಡುದ್ರೆ ನನ್ನೇ ಯಾಪಾರ ಮಾಡ್ತಾವ್ರೆ" ಎಂದು ಹೇಳಿಕೊಂಡು ನಗುತ್ತಿದ್ದರು. ಓದು ಬರಹ ಬರುತ್ತದೆಯೇ ಎಂದು ಅವತ್ತು ಯಾರೂ ಕೇಳಲಿಲ್ಲ. ಮಾಸ್ತರು ಶಿಳ್ಳೆ ಹಾಕಿ ತೋರಿಸುತ್ತಿದ್ದರು, ಇವರು ಊದುತ್ತಿದ್ದರು. ಆಮೇಲೆ ಬಂದ ಮಾಸ್ತರು ಎಲ್ಲರೂ ಹಾಳೆಯಲ್ಲಿ ಬರೆದ ನೊಟೇಶನ್ ನೋಡಿಯೇ ಊದಬೇಕೆಂದು ಕಟ್ಟಪ್ಪಣೆ ಮಾಡಿದರು. ಕೆಲವರು ಓದಲು ಕಲಿತರು. ಹವಾಲ್ದಾರರು ಓದುವವರ ಹಾಗೆ ಕೂರುವುದನ್ನು ಕಲಿತರು.

ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ ಪಕ್ಕದಲ್ಲೇ ಕೂತಿದ್ದ ನನಗೆ ಎಂಟು ತಿಂಗಳು ಗೊತ್ತಾಗಲಿಲ್ಲ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮಾಸ್ತರು ಇಲ್ಲಿ ಮೆಲ್ಲಗೆ, ಇಲ್ಲಿ ಜೋರಾಗಿ ಎಂದರೆ ಹಾಳೆಯ ಮೇಲೆ ಗಂಭೀರವಾಗಿ ಗೀಟು ಹಾಕುತ್ತಿದ್ದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಸರಿಯಾದ ಹೊತ್ತಿಗೆ ಹಾಳೆ ಮಗುಚುತ್ತಿದ್ದರು. ಒಂದು ಭಾನುವಾರ ಪಾರ್ಕಿನಲ್ಲಿ, ಉಗ್ರಾಣದವನ ಅಚಾತುರ್ಯದಿಂದ ಅವರ ಸ್ಟ್ಯಾಂಡಿನ ಮೇಲೆ ಬೇರೆ ಯಾವುದೋ ಹಾಡಿನ ಹಾಳೆ ಕೂತಿತ್ತು. ನಾವು ಊದುತ್ತಿದ್ದದ್ದು ಒಂದು ಬಿರುಸಿನ ಮಾರ್ಚು. ಅವರ ಮುಂದಿದ್ದದ್ದು ನಿಧಾನದ ಕುಣಿತದ ಹಾಡು. ಹವಾಲ್ದಾರರು ಹಾಳೆಯನ್ನೇ ನೆಟ್ಟು ನೋಡುತ್ತ, ಒಂದು ಸ್ವರ ತಪ್ಪದೆ ಮಾರ್ಚನ್ನು ಊದಿ, ನಾನು ಮಗುಚಿದಾಗ ತಾವೂ ಮಗುಚಿದರು.

ನಾನು ನೋಡಿಬಿಟ್ಟೆ ಎನ್ನುವುದನ್ನು ಅವರೂ ನೋಡಿದರು. ಅವತ್ತು ಮಂಟಪದಿಂದ ನಮ್ಮ ವಸತಿಯ ಲೈನಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಗೇಟಿನ ಹತ್ತಿರ ನಿಂತು, ಯಾರಿಗೂ ಹೇಳಬೇಡ ಎಂದೂ ಹೇಳದೆ, "ನಾಳೀಕೆ ಹೊಸಾ ಹಾಳೆ ಕೊಡ್ತಾರಂತೆ. ಒಸಿ ಬ್ಯಾಗ ಬಾ" ಎಂದರು. ನಾನು ಬೇಗ ಹೋದೆ.

ಅಲ್ಲಿಂದ ಅದೇ ಕ್ರಮವಾಯಿತು. ಹೊಸ ಹಾಳೆ ಬಂದ ದಿನ ಅರ್ಧ ಗಂಟೆ ಮೊದಲು ಹೋಗಿ ಅವರ ಭಾಗವನ್ನು ನಾನು ಊದುತ್ತಿದ್ದೆ. ಮೊದಲ ಸಲ ಕಣ್ಣು ಮುಚ್ಚಿ ಕೇಳುತ್ತಿದ್ದರು, ಎರಡನೆಯ ಸಲ ಬೆರಳು ಆಡಿಸುತ್ತ ಕೇಳುತ್ತಿದ್ದರು, ಮೂರನೆಯ ಸಲ ಊದಿದರೆ ಹಾಡು ಅವರದಾಗಿಬಿಡುತ್ತಿತ್ತು. ಇದಕ್ಕೆ ನಮ್ಮ ಬ್ಯಾಂಡಿನ ಒಂದು ಹಳೆಯ ಪದ್ಧತಿಯೂ ಆಸರೆಯಾಗಿತ್ತು. ಹೊಸದನ್ನು ಯಾವಾಗಲೂ ಕಿರಿಯ ಮೊದಲು ಊದಬೇಕು, ಹಿರಿಯ ಆಮೇಲೆ ಊದಿ ತಿದ್ದಬೇಕು. ತಾಲೀಮಿನಲ್ಲಿ ಥಟ್ಟನೆ ಹಾಳೆ ಹಂಚಿದರೂ ನಾನು ಮೊದಲು, ಅವರು ಆಮೇಲೆ. ಅದಕ್ಕೂ ಅವಕಾಶವಿಲ್ಲದಿದ್ದರೆ ಕಡೆಯ ಉಪಾಯ ಒಂದಿತ್ತು. ನಾನು ಸದ್ದಿಲ್ಲದೆ ಗುಂಡಿಗಳನ್ನು ಒತ್ತುತ್ತಿದ್ದೆ. ಅವರು ಓರೆಗಣ್ಣಲ್ಲಿ ನನ್ನ ಬೆರಳು ನೋಡುತ್ತಿದ್ದರು. ನಾನು ಗದ್ದ ಎತ್ತಿದರೆ ಮೇಲಿನ ಸ್ವರ, ಇಳಿಸಿದರೆ ಕೆಳಗಿನದು. ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದರು. ಮಾಸ್ತರು ಅದನ್ನು ಹಿರಿಯರ ಠೀವಿ ಎಂದುಕೊಳ್ಳುತ್ತಿದ್ದರು.

ಇದಕ್ಕೆ ಬದಲಾಗಿ ಅವರು ನನಗೆ ಉಸಿರು ಕಲಿಸಿದರು. ಇದು ಅಲಂಕಾರದ ಮಾತಲ್ಲ. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಎಲ್ಲಿಂದ ಗಾಳಿ ಬರಬೇಕು ಎಂದು ಒತ್ತಿ ತೋರಿಸುತ್ತಿದ್ದರು. "ಕೊಳವೆ ಸರ್ಕಾರದ್ದು ಕಣಪ್ಪ, ಗಾಳಿ ನಮ್ದು. ಅದ್ಯಾಕೆ ಅಷ್ಟೊಂದು ಜುಗ್ಗತನ ಮಾಡೀಯೆ?" ಎನ್ನುತ್ತಿದ್ದರು. ಸರ್ಕಾರ ಕೊಟ್ಟ ಪಾಲಿಷನ್ನು ಮುಟ್ಟುತ್ತಿರಲಿಲ್ಲ, ಮನೆಯಿಂದ ಹುಣಸೆಹಣ್ಣು ತಂದು ವಾದ್ಯ ಉಜ್ಜುತ್ತಿದ್ದರು. ಚಳಿಯ ಬೆಳಗಿನಲ್ಲಿ ಪೆರೇಡಿಗೆ ಮೊದಲು ಮೌತ್‌ಪೀಸನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದರು. ತಣ್ಣನೆಯ ಹಿತ್ತಾಳೆಗೆ ತುಟಿ ಕೊಟ್ಟರೆ ಮೊದಲ ಸ್ವರ ಬೆದರಿದ ಕರುವಿನ ಹಾಗೆ ಹೊರಡುತ್ತದಂತೆ.

ನೊಟೇಶನ್ ಕಲಿಸುತ್ತೇನೆ ಎಂದು ನಾನೇ ಒಮ್ಮೆ ಹಟ ಹಿಡಿದೆ. ದೊಡ್ಡಕೆರೆ ಮೈದಾನದಲ್ಲಿ ಸಂಜೆ ಹೊತ್ತು ಸ್ಲೇಟಿನ ಮೇಲೆ ಐದು ಗೆರೆ ಎಳೆದು ಕೂರಿಸಿಕೊಂಡೆ. ಎರಡು ವಾರ ಬಂದರು. ಸ್ಲೇಟು ಹಿಡಿದರೆ ಅವರ ಮುಖದ ಮೇಲೆ ಬೆವರು ಬರುತ್ತಿತ್ತು. "ಈ ಸೊಳ್ಳೆಗೋಳ್ನ ನೋಡುದ್ರೆ ನನ್ನ ಕಿವಿ ಮುಚ್ಚೋತದೆ ಕಣೋ" ಎಂದು ಒಂದು ದಿನ ಸ್ಲೇಟು ಕೆಳಗಿಟ್ಟರು. ನಾನು ಇನ್ನೂ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ತಾಳ್ಮೆ ಕೆಟ್ಟಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಬ್ಯಾಂಡಿನಲ್ಲೇ ಉತ್ತಮನಾದ ವಾದಕನಿಗೆ ನಾನಿಲ್ಲದೆ ನಡೆಯುವುದಿಲ್ಲ ಎನ್ನುವುದು ನನಗೆ ರುಚಿಸಿತ್ತು.

ಸ್ವಾತಂತ್ರ್ಯ ಬಂತು. ದೊಡ್ಡ ಡ್ರಮ್ಮಿನ ಮೇಲಿದ್ದ ಗಂಡಭೇರುಂಡದ ಮೇಲೆ ಬಣ್ಣ ಬಳಿದರು. ಕೋಟಿನ ಗುಂಡಿಗಳು ಬದಲಾದವು. ಸಂಸ್ಥಾನದ ಸೈನ್ಯ ದೇಶದ ಸೈನ್ಯದೊಳಗೆ ಸೇರುತ್ತದೆ, ಬ್ಯಾಂಡಿನಲ್ಲಿ ಪರೀಕ್ಷೆ ಮಾಡಿ ಆರಿಸಿದವರನ್ನು ಮಾತ್ರ ಉತ್ತರಕ್ಕೆ ಕರೆದೊಯ್ಯುತ್ತಾರೆ, ಮಿಕ್ಕವರು ಮನೆಗೆ ಎಂದು ಸುದ್ದಿ ಬಂತು. ಆರಿಸಿದವರು ರಾಜಧಾನಿಯ ದೊಡ್ಡ ಪೆರೇಡಿನಲ್ಲಿ ಊದುತ್ತಾರಂತೆ ಎಂದೂ ಹೇಳಿದರು. ಮಿಕ್ಕವರೆಲ್ಲ ಅಲ್ಲಿ ಚಳಿ ಎಷ್ಟು, ಅನ್ನ ಸಿಗುತ್ತದೋ ಇಲ್ಲವೋ ಎಂದು ವಿಚಾರಿಸುತ್ತಿದ್ದರೆ ಹವಾಲ್ದಾರರಿಗೆ ಆ ಪೆರೇಡಿನದೇ ಧ್ಯಾನ.

"ದೊರೆಗೋಳು ಬಂದಾಗ ಊದಿದೀನಿ, ದೊರೆಸಾನೀರು ಬಂದಾಗ ಊದಿದೀನಿ" ಎಂದರು ಒಂದು ದಿನ. "ಒಂದ್ಸಲ ದೊರೆಗೋಳ್ ಜಾಗ್ದಲ್ಲಿ ಕೂತ ನಮ್ಮಂತೋರ ಮುಂದೆ ಊದ್ಬೇಕು ಕಣಪ್ಪ. ಅಷ್ಟಾದ್ರೆ ಸಾಕು, ಆಮೇಲೆ ಹೊಲಕ್ಕೆ ಓಯ್ತೀನಿ." ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಕೇಳಿದರು: "ಪರೀಕ್ಸೇಲಿ ನೀನು ಮೊದ್ಲು ಊದ್ತೀಯ ತಾನೆ?"

"ನಾನಿದೀನಲ್ಲ ಹವಾಲ್ದಾರ್ರೇ" ಎಂದೆ. ಆ ಮಾತನ್ನು ನಾನು ಬಹಳ ಸಲೀಸಾಗಿ ಹೇಳಿದೆ.

ಪರೀಕ್ಷೆಗೆ ಬಂದ ಅಧಿಕಾರಿ ಉತ್ತರದವರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ತಾಲೀಮಿನ ಕೊಠಡಿಯಲ್ಲಿ ಒಂದೊಂದು ವಾದ್ಯದವರನ್ನೂ ಜೊತೆಯಾಗಿ ಕರೆದು, ಯಾರೂ ಕಂಡಿರದ ಹಾಳೆಯೊಂದನ್ನು ಮುಂದಿಟ್ಟು ಊದಿಸುತ್ತಿದ್ದರು. ನಮ್ಮ ಸರದಿ ಬಂತು. ಕಿರಿಯ ಮೊದಲು ಎನ್ನುವ ಪದ್ಧತಿಯನ್ನು ನಮ್ಮ ಮಾಸ್ತರು ವಿವರಿಸಿದರು, ಅಧಿಕಾರಿ ಆಗಲಿ ಎಂದು ತಲೆಯಾಡಿಸಿದರು.

ನಾನು ಊದಿದೆ. ನಡುವೆ ಒಂದು ಕಡೆ ಎರಡು ಎಣಿಕೆಯ ಮೌನ ಬರೆದಿತ್ತು. ನಾನು ಗಾಬರಿಯಲ್ಲಿ ಒಂದೇ ಎಣಿಕೆ ಬಿಟ್ಟು ಹೊರಟುಬಿಟ್ಟೆ. ತಪ್ಪಿದ್ದು ಗೊತ್ತಾಗಿ, ಮುಂದಿನ ಒಂದು ಸ್ವರವನ್ನು ಅಷ್ಟು ಹೆಚ್ಚು ಎಳೆದು ಲೆಕ್ಕ ಸರಿಮಾಡಿದೆ. ಅಂಥ ತಪ್ಪು ಯಾರಿಗಾದರೂ ಆಗುತ್ತದೆ. ಅಧಿಕಾರಿ ಹವಾಲ್ದಾರರ ಕಡೆ ಕೈ ತೋರಿಸಿದರು.

ಹವಾಲ್ದಾರರು ಊದಿದರು. ನನಗಿಂತ ಹತ್ತು ಪಾಲು ಚೆನ್ನಾಗಿ ಊದಿದರು. ಮೌನದ ಜಾಗ ಬಂದಾಗ ಒಂದೇ ಎಣಿಕೆ ಬಿಟ್ಟರು. ಮುಂದಿನ ಸ್ವರವನ್ನು ನಾನು ಎಳೆದಷ್ಟೇ ಎಳೆದರು. ಅದೂ ಎಷ್ಟು ಅಂದವಾಗಿ ಎಳೆದರೆಂದರೆ, ಹಾಡು ಕಟ್ಟಿದವನೇ ಹಾಗೆ ಬರೆಯಬೇಕಿತ್ತು ಅನ್ನಿಸುತ್ತಿತ್ತು. ಅಧಿಕಾರಿ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರು ಓದಿದರೆ ಇಬ್ಬರ ತಪ್ಪೂ ಒಂದೇ ಕಡೆ ಬೀಳುವುದಿಲ್ಲ ಎಂದು ಹಿಂದೂಸ್ತಾನಿಯಲ್ಲಿ ಮಾಸ್ತರಿಗೆ ಹೇಳಿದರು. ಮೈಸೂರಿನ ಬೀದಿಯಲ್ಲಿ ಬೆಳೆದ ನನಗೆ ಅಷ್ಟು ಅರ್ಥವಾಗುತ್ತಿತ್ತು.

ಆಮೇಲೆ ಎರಡನೆಯ ಹಾಳೆ ತೆಗೆದು ಸ್ಟ್ಯಾಂಡಿನ ಮೇಲಿಟ್ಟರು. ಈ ಸಲ ಹಿರಿಯರು ಮೊದಲು ಎಂದರು.

ಹವಾಲ್ದಾರರು ವಾದ್ಯವನ್ನು ತುಟಿಗೆ ಇಟ್ಟುಕೊಂಡರು. ಅವರ ಕಣ್ಣು ಹಾಳೆಯ ಮೇಲಿಂದ ಜಾರಿ ನನ್ನ ಕೈಗೆ ಬಂತು. ನನ್ನ ವಾದ್ಯ ನನ್ನ ತೊಡೆಯ ಮೇಲೇ ಇತ್ತು, ಬೆರಳು ಗುಂಡಿಯ ಮೇಲೇ ಇತ್ತು. ಹಾಳೆ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕು ಸಾಲು, ಸುಲಭದ ಹಾಡು. ಬೆರಳು ಆಡಿಸಿದ್ದರೆ ಅವರು ಕೂದಲೆಳೆ ಹಿಂದೆ ಬಂದುಬಿಡುತ್ತಿದ್ದರು. ಅಧಿಕಾರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಆದರೆ ಅಧಿಕಾರಿ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಸಿಕ್ಕಿಬಿದ್ದರೆ ಇಬ್ಬರೂ ಮನೆಗೆ ಎನ್ನಿಸಿತು. ನಾನು ಬೆರಳುಗಳನ್ನು ಗುಂಡಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಗದ್ದವನ್ನು ಕೂಡ ಕದಲಿಸಲಿಲ್ಲ.

ಹವಾಲ್ದಾರರು ವಾದ್ಯವನ್ನು ಕೆಳಗಿಳಿಸಿ ಎದ್ದು ನಿಂತು ಸೆಲ್ಯೂಟ್ ಹೊಡೆದರು.

"ಸ್ವಾಮಿ, ನಂಗೆ ಇದು ಓದಕ್ಕೆ ಬರಾಕಿಲ್ಲ" ಎಂದರು ಕನ್ನಡದಲ್ಲೇ. ಮಾಸ್ತರು ಅದನ್ನು ತರ್ಜುಮೆ ಮಾಡುವ ಮೊದಲೇ ನನ್ನ ಕಡೆ ಕೈ ತೋರಿಸಿ ಮುಂದುವರಿಸಿದರು: "ಇವ್ನಿಗೆ ಬತ್ತದೆ. ಆಗ್ಲೇ ತಪ್ಪಾಯ್ತಲ್ಲ, ಅದು ನನ್ನಿಂದ್ಲೇ. ದಿನಾ ನನ್ನ ಪಕ್ಕ ಕೂತು ಕೂತು, ಆತುರ ಬೀಳೋದ್ನ ನಾನೇ ಅಭ್ಯಾಸ ಮಾಡ್ಸಿವ್ನಿ."

ಅವರು ಜನ್ಮದಲ್ಲಿ ಯಾವತ್ತೂ ಆತುರ ಬಿದ್ದವರಲ್ಲ. ಅದು ಮಾಸ್ತರಿಗೂ ಗೊತ್ತಿತ್ತು. ಮಾಸ್ತರು ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಅಧಿಕಾರಿ ಎದ್ದು ನಿಂತು ಹವಾಲ್ದಾರರ ಕೈ ಕುಲುಕಿ ಕಳಿಸಿಕೊಟ್ಟರು. ಆಮೇಲೆ ಅದೇ ಹಾಳೆಯನ್ನು ನನಗೆ ಕೊಟ್ಟರು. ನಾನು ಒಂದು ತಪ್ಪೂ ಇಲ್ಲದೆ ಊದಿದೆ.

ಹೊರಗೆ ಬಂದರೆ ಸರದಿ ಕಾಯುತ್ತಿದ್ದ ಕ್ಲಾರಿನೆಟ್ಟು, ಕಾರ್ನೆಟ್ಟುಗಳೆಲ್ಲ ಒಟ್ಟಿಗೇ ಕಿರುಚುತ್ತಿದ್ದವು. ಹವಾಲ್ದಾರರು ಹೊಂಗೆಮರದ ಕೆಳಗೆ ಕೂತು ಬಟ್ಟೆಯಲ್ಲಿ ವಾದ್ಯ ಒರೆಸುತ್ತಿದ್ದರು. ಬೈಯುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಬೈದಿದ್ದರೆ ಇದನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲವೇನೋ. ಅವರು ತಲೆಯೆತ್ತಿ, "ಆ ಎರಡ್ನೇದು ಎಂಗಿತ್ತು? ಈ ಗಲಾಟೇಲಿ ಕೇಳುಸ್ನಿಲ್ಲ. ಒಂಚೂರು ಅನ್ನು, ನೋಡವ" ಎಂದರು.

"ಆಮೇಲೆ ಹೇಳ್ತೀನಿ" ಎಂದು ದಾಟಿಹೋದೆ.

ನಮ್ಮ ಬ್ಯಾಂಡಿನಲ್ಲಿ ಬಿಟ್ಟುಹೋಗುವವರಿಗೆ ಒಂದು ಮರ್ಯಾದೆ ಇತ್ತು. ಅವರು ಕೇಳಿದ ಮಾರ್ಚನ್ನು ನುಡಿಸಬೇಕು. ಅವರ ಭಾಗ ಬಂದಾಗ ಮಿಕ್ಕವರೆಲ್ಲ ಸದ್ದು ತಗ್ಗಿಸಿ, ಅವರ ಸ್ವರವೊಂದೇ ಕೇಳುವ ಹಾಗೆ ಮಾಡಬೇಕು. ಮಾರ್ಚು ಮುಗಿಯುವ ಮೊದಲೇ ಅವರು ವಾದ್ಯವನ್ನು ಕುರ್ಚಿಯ ಮೇಲಿಟ್ಟು ಎರಡು ಸಾಲಿನ ನಡುವೆ ನಡೆದು ಹೋಗಬೇಕು, ಹಾಡು ಅವರ ಬೆನ್ನಹಿಂದೆ ನಡೆಯುತ್ತಲೇ ಇರಬೇಕು. ಜವಾನನಂತಿದ್ದ ಉಗ್ರಾಣದವನಿಗೂ, ವಾದ್ಯದ ಬದಲು ಬೀಗದ ಕೈಯನ್ನು ಕುರ್ಚಿಯ ಮೇಲಿಡಿಸಿ, ಈ ಮರ್ಯಾದೆ ಮಾಡಿದ್ದನ್ನು ನಾನು ಕಂಡಿದ್ದೆ. ಹವಾಲ್ದಾರರಿಗೆ ಸಿಗಲಿಲ್ಲ. ಆರಿಸಿದವರು ವಾರದೊಳಗೆ ಹೊರಡಬೇಕೆಂದು ಆಜ್ಞೆಯಾಗಿತ್ತು, ಬ್ಯಾಂಡೇ ಮುರಿದುಹೋಗಿತ್ತು. ಅವರ ಯೂಫೋನಿಯಂ ಹುಣಸೆಹಣ್ಣಿನಲ್ಲಿ ಫಳಫಳ ಹೊಳೆಯುತ್ತ ಉಗ್ರಾಣಕ್ಕೆ ಹೋಯಿತು.

ನಾನು ರಾಜಧಾನಿಯ ಆ ಪೆರೇಡಿನಲ್ಲಿ ಊದಿದೆ, ಒಂದಲ್ಲ, ಎಷ್ಟೋ ಸಲ ಊದಿದೆ. ಅಲ್ಲಿ ಚಳಿಯಲ್ಲಿ ಸಾಲಾಗಿ ಕೂತ ಜನರನ್ನು ನೋಡಿದಾಗ, ತಲೆಗೆ ರುಮಾಲು ಸುತ್ತಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ರೈತರನ್ನು ನೋಡಿದಾಗ, ಅವರು ಹೇಳಿದ ನಮ್ಮಂತೋರು ಇವರೇ ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ನಾಚಿಕೆಯಾಗುತ್ತಿತ್ತು. ಆದರೂ ಊದಿದೆ. ಒಂದು ರಜೆಯಲ್ಲಿ ಊರಿಗೆ ಬಂದಾಗ ದೇವರಾಜ ಮಾರುಕಟ್ಟೆಯಲ್ಲಿ ಅವರನ್ನು ದೂರದಿಂದ ಕಂಡೆ. ಬದನೆಕಾಯಿಯ ಮೂಟೆ ಇಳಿಸಿ ಯಾರೊಡನೆಯೋ ನಗುತ್ತ ನಿಂತಿದ್ದರು. ತುಟಿಯ ಮೇಲೆ ಮೀಸೆ ಬಂದಿತ್ತು. ನಾನು ಹೂವಿನವರ ಸಾಲಿನೊಳಗೆ ನುಗ್ಗಿ ಆ ಕಡೆಯ ಬಾಗಿಲಿಂದ ಹೊರಗೆ ಬಂದೆ. ಬಂದ ಮೇಲೆ ಕೈಯಲ್ಲಿ ಬೇಡದ ಒಂದು ಮಾರು ಕನಕಾಂಬರ ಇತ್ತು.

ಸೈಕಲ್ ಅಂಗಡಿಯಲ್ಲಿ ಸುದ್ದಿ ಕೇಳಿದ ಮರುದಿನ ಮಂಡಕಳ್ಳಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರಿಗೆ ನನ್ನ ವಿಷಯವೆಲ್ಲ ಗೊತ್ತಿತ್ತು. ನಾನು ಊರಿಗೆ ವಾಪಸು ಬಂದಿರುವುದೂ, ಮನೆ ಯಾವ ಕಡೆ ಎನ್ನುವುದೂ ಗೊತ್ತಿತ್ತು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಮಲಗಿದಲ್ಲಿಂದ ಏಳದೆ ಹೋದದ್ದು ಕಡೆಯ ಹದಿನೈದು ದಿನ ಮಾತ್ರ, ನರಳಲಿಲ್ಲ ಎಂದರು.

"ನೀವು ಬಂದ್ರೆ ಏನೋ ಒಂದು ಕೇಳ್ಬೇಕು ಅಂತಿದ್ರು" ಎಂದರು ಆಮೇಲೆ. "ಊರ್ಗೇ ಬಂದವ್ರಲ್ಲ, ನೀವೇ ಓಗಿ ಕೇಳ್ಕಂಡು ಬನ್ನಿ ಅಂದೆ. ಬ್ಯಾಡ, ನಾನೋದ್ರೆ ಅವ್ನಿಗೆ ಕಷ್ಟ ಆಯ್ತದೆ, ಅವ್ನೇ ಬತ್ತಾನೆ ಅಂದ್ರು. ಏನಿತ್ತು ಅಂತಾದ್ದು? ನಿಮ್ಗೇನಾದ್ರೂ ಗೊತ್ತಾ?"

"ಒಂದು ಹಾಡು ಹೇಗಿತ್ತು ಅಂತ ಕೇಳಿದ್ರು ತಾಯಿ" ಎಂದೆ. "ಹೇಳ್ತೀನಿ ಅಂದಿದ್ದೆ. ಹೇಳಲಿಲ್ಲ."

"ಅಂಗಾದ್ರೆ ಈಗ್ಲಾದ್ರೂ ಅನ್ನಿ" ಎಂದು ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ ಕೂತರು.

ನಾನು ಗಂಟಲು ಸರಿಮಾಡಿಕೊಂಡು ಆ ನಾಲ್ಕು ಸಾಲನ್ನು ಗುನುಗಿದೆ. ಒಂದು ಸ್ವರವನ್ನೂ ಮರೆತಿರಲಿಲ್ಲ. ಮುಗಿಯಲು ಒಂದು ನಿಮಿಷ ಹಿಡಿಯಿತೋ ಇಲ್ಲವೋ. ಇನ್ನೂ ಇದೆಯೇನೋ ಎಂದು ಆಕೆ ನನ್ನ ಮುಖವನ್ನೇ ನೋಡುತ್ತ ಕಾದರು.

"ಇಷ್ಟೇಯಾ?" ಎಂದರು.